ಸುದ್ದಿಯ ವಂತಿಗೆ

ಪತ್ರಿಕೆಯಲ್ಲಿ ಸುದ್ದಿಯ ನೆತ್ತಿಯ ಮೇಲೆ, ಊರಿನ ಹೆಸರು ತಾರೀಖುಗಳ ಪಕ್ಕದಲ್ಲಿ, ಮೂರು ಅಕ್ಷರಗಳಿರುತ್ತವೆ: ಪಿ.ಟಿ.ಐ. ನಾವು ಯಾರೂ ಅವನ್ನು ಓದುವುದಿಲ್ಲ. ಕಣ್ಣು ಅವನ್ನು ದಾಟಿ ಸುದ್ದಿಗೆ ಹೋಗುತ್ತದೆ. ಕಥೆಗಾರನ ಹೆಸರು ನೋಡದೆ ಕಥೆ ಓದದ ನಾವು, ಪ್ರಧಾನಮಂತ್ರಿಯ ಭಾಷಣವನ್ನೂ ಅಸ್ಸಾಮಿನ ನೆರೆಯನ್ನೂ ತಂದುಕೊಟ್ಟವರು ಯಾರು ಎಂದು ಕೇಳುವುದಿಲ್ಲ. ಹಾಗಿರುವಾಗ, ತಂದುಕೊಟ್ಟವರಿಗೆ ಹಣ ಕೊಟ್ಟವರು ಯಾರು ಎಂಬ ಪ್ರಶ್ನೆಯಂತೂ ದೂರವೇ ಉಳಿಯಿತು. ಈ ಹೊತ್ತು ಆ ಪ್ರಶ್ನೆಯನ್ನು ಸ್ವಲ್ಪ ಹತ್ತಿರಕ್ಕೆ ತಂದು ನೋಡೋಣ.

ಸುದ್ದಿಗೆ ಒಂದು ವಿಚಿತ್ರವಾದ ಅರ್ಥಶಾಸ್ತ್ರವಿದೆ. ಗೌಹಾತಿಯಲ್ಲಿ ಒಬ್ಬ ವರದಿಗಾರನನ್ನು ಇಡುವ ಖರ್ಚು, ಅವನ ವರದಿಯನ್ನು ಒಂದು ಪತ್ರಿಕೆ ಅಚ್ಚುಹಾಕಿದರೂ ಅಷ್ಟೆ, ನೂರು ಪತ್ರಿಕೆಗಳು ಹಾಕಿದರೂ ಅಷ್ಟೆ. ಒಂದು ಜಿಲ್ಲಾಪತ್ರಿಕೆ ಆ ಖರ್ಚನ್ನು ಒಂಟಿಯಾಗಿ ಹೊರಲಾರದು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯಲ್ಲಿರುವ ಲೆಕ್ಕವೇ ಸಹಕಾರಿ ಸುದ್ದಿಸಂಸ್ಥೆಯ ಲೆಕ್ಕ. ಇಂಥ ಸಂಸ್ಥೆಯನ್ನು 'ಲಾಭದ ಉದ್ದೇಶವಿಲ್ಲದ್ದು' ಎಂದು ಕರೆಯುತ್ತಾರೆ. ಆದಾಯವೇ ಇಲ್ಲವೆಂದು ಅದರ ಅರ್ಥವಲ್ಲ. ಉಳಿದ ಹಣ ಷೇರುದಾರರ ಜೇಬಿಗೆ ಹೋಗದೆ ಮತ್ತೆ ಸುದ್ದಿಯ ಕೆಲಸಕ್ಕೇ ಹೋಗತಕ್ಕದ್ದು ಎಂದು ಅರ್ಥ.

ಈ ಏರ್ಪಾಡು ಮೊದಲು ರೂಪುಗೊಂಡದ್ದು 1846ರಲ್ಲಿ, ನ್ಯೂಯಾರ್ಕಿನಲ್ಲಿ. ಮೆಕ್ಸಿಕೋದೊಡನೆ ಅಮೆರಿಕದ ಯುದ್ಧ ನಡೆದಿತ್ತು. ತಂತಿ ಇನ್ನೂ ದಕ್ಷಿಣಕ್ಕೆ ಮುಟ್ಟಿರಲಿಲ್ಲ. ಕುದುರೆ ಸವಾರರನ್ನು ನೇಮಿಸಿ ಅಂಚೆಗಿಂತ ಮುಂಚೆ ಸುದ್ದಿ ತರಿಸುವ ವೆಚ್ಚವನ್ನು ಐದು ಪತ್ರಿಕೆಗಳು ಹಂಚಿಕೊಂಡವು. ಬೆಳಗಾದರೆ ಒಬ್ಬರನ್ನೊಬ್ಬರು ಸೋಲಿಸಲು ಹೊರಡುವ ಪತ್ರಿಕೆಗಳೇ ರಾತ್ರಿ ಒಂದೇ ಕುದುರೆಗೆ ಹುಲ್ಲು ಹಾಕಿದವು! ಅದೇ ಅಸೋಸಿಯೇಟೆಡ್ ಪ್ರೆಸ್, ಅಂದರೆ ಎ.ಪಿ. ಆದರೆ ಸಹಕಾರವೆಂದ ಮಾತ್ರಕ್ಕೆ ಔದಾರ್ಯವೆಂದು ತಿಳಿಯಬೇಕಾಗಿಲ್ಲ. ಒಳಗಿದ್ದವರು ತಮ್ಮ ಊರಿನ ಎದುರಾಳಿ ಪತ್ರಿಕೆಗೆ ಬಾಗಿಲು ಮುಚ್ಚುವಂಥ ನಿಯಮಗಳನ್ನೂ ಮಾಡಿಕೊಂಡರು. ಆ ನಿಯಮಗಳು ಕಾನೂನಿಗೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟು 1945ರಲ್ಲಿ ತೀರ್ಪು ಕೊಡಬೇಕಾಯಿತು.

ನಮ್ಮ ದೇಶದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆ. ಸಿ. ರಾಯ್ ಎಂಬ ಪತ್ರಕರ್ತರು ಮುಂದಾಗಿ ಕಟ್ಟಿದ ಅಸೋಸಿಯೇಟೆಡ್ ಪ್ರೆಸ್ ಆಫ್ ಇಂಡಿಯಾ ಕಾಲಕ್ರಮದಲ್ಲಿ ಲಂಡನ್ನಿನ ರಾಯಿಟರ್ಸ್ ಕೈಸೇರಿತು. ಭಾರತದ ಸುದ್ದಿ ಹೊರಗೆ ಹೋಗುವುದೂ ಜಗತ್ತಿನ ಸುದ್ದಿ ಒಳಗೆ ಬರುವುದೂ ಬಹುಮಟ್ಟಿಗೆ ಆ ಒಂದೇ ಬಾಗಿಲಿನಿಂದ. ಇದಕ್ಕೆ ಎದುರಾಗಿ ಎಸ್. ಸದಾನಂದರು ಇಪ್ಪತ್ತರ ದಶಕದಲ್ಲಿ ಫ್ರೀ ಪ್ರೆಸ್ ಸಂಸ್ಥೆಯನ್ನು ಕಟ್ಟಿದರು. ಅದು 1935ರಲ್ಲಿ ಮುಚ್ಚಿತು. ಬಿ. ಸೇನ್‌ಗುಪ್ತ ಅವರು 1933ರಲ್ಲಿ ಕಲ್ಕತ್ತೆಯಲ್ಲಿ ಆರಂಭಿಸಿದ ಯುನೈಟೆಡ್ ಪ್ರೆಸ್ ಸ್ವಾತಂತ್ರ್ಯವನ್ನು ಕಂಡು, 1958ರವರೆಗೆ ಬದುಕಿ, ಹಣದ ಮುಗ್ಗಟ್ಟಿನಿಂದ ನಿಂತಿತು. ಈ ಎರಡು ಸಂಸ್ಥೆಗಳಿಗೂ ದೇಶಭಕ್ತಿಯ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ತಪ್ಪದೆ ಬರುವ ಚಂದಾ ಹಣಕ್ಕೆ.

ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ ಮದ್ರಾಸಿನಲ್ಲಿ ನೋಂದಣಿಯಾದದ್ದು 1947ರ ಆಗಸ್ಟ್ 27ರಂದು. ಸ್ವಾತಂತ್ರ್ಯ ಬಂದು ಇನ್ನೂ ಎರಡು ವಾರವಾಗಿರಲಿಲ್ಲ. ಅದರ ನಿಬಂಧನೆಪತ್ರಕ್ಕೆ ಸಹಿ ಹಾಕಿದವರಲ್ಲಿ 'ದಿ ಹಿಂದೂ' ಪತ್ರಿಕೆಯ ಕಸ್ತೂರಿ ಶ್ರೀನಿವಾಸನ್, 'ಸ್ವದೇಶಮಿತ್ರನ್' ಪತ್ರಿಕೆಯ ಸಿ. ಆರ್. ಶ್ರೀನಿವಾಸನ್, 'ಆನಂದ ವಿಕಟನ್' ಪತ್ರಿಕೆಯ ಎಸ್. ಎಸ್. ವಾಸನ್, ಖಾಸಾ ಸುಬ್ಬರಾವ್, ಹಿಂದೆ ಸೋತಿದ್ದ ಅದೇ ಸದಾನಂದರು ಇದ್ದರು. ಇಂಗ್ಲಿಷ್ ದಿನಪತ್ರಿಕೆಯವರೂ ತಮಿಳು ವಾರಪತ್ರಿಕೆಯವರೂ ಒಂದೇ ಕಾಗದಕ್ಕೆ ಸಹಿ ಮಾಡಿದ್ದು ಸಣ್ಣ ಮಾತಲ್ಲ. ಒಡೆತನ ಪತ್ರಿಕೆಗಳದು, ಲಾಭಾಂಶ ಹಂಚುವಂತಿಲ್ಲ, ಒಬ್ಬ ವ್ಯಕ್ತಿಯಾಗಲಿ ಒಂದು ಗುಂಪಾಗಲಿ ಸಂಸ್ಥೆಯನ್ನು ವಶಪಡಿಸಿಕೊಳ್ಳುವಂತಿಲ್ಲ. ನಿರ್ದೇಶಕ ಮಂಡಳಿಯಲ್ಲಿ ಪತ್ರಿಕೆಗಳ ಒಡೆಯರಲ್ಲದ ಗಣ್ಯರಿಗೂ ಸ್ಥಾನವುಂಟು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಬೇಲಿಯನ್ನು ಹಾಕುವುದು ಕಷ್ಟ.

ಬೇಲಿಯೇನೋ ಸಿದ್ಧವಾಯಿತು. ಆದರೆ ತೋಟ ರಾಯಿಟರ್ಸ್‌ನದಾಗಿತ್ತು. ಕಚೇರಿಗಳು, ತಂತಿಗಳು, ನುರಿತ ಸಿಬ್ಬಂದಿ ಎಲ್ಲವೂ ಹಳೆಯ ಸಂಸ್ಥೆಯಲ್ಲಿ. ಆದ್ದರಿಂದ 1948ರಲ್ಲಿ ಒಂದು ಒಪ್ಪಂದವಾಯಿತು. ಪಿ.ಟಿ.ಐ. ಹಳೆಯ ಸಂಸ್ಥೆಯನ್ನು ತನ್ನದಾಗಿ ಮಾಡಿಕೊಂಡು 1949ರ ಫೆಬ್ರವರಿ 1ರಿಂದ ಕೆಲಸ ಆರಂಭಿಸಿತು. ಜೊತೆಗೇ ರಾಯಿಟರ್ಸ್‌ನಲ್ಲಿ ತಾನೂ ಪಾಲುದಾರನಾಯಿತು, ಅದರ ಆಡಳಿತ ಮಂಡಳಿಯಲ್ಲಿ ಸ್ಥಾನ ಪಡೆಯಿತು. ರಾಯಿಟರ್ಸ್ ಆಗ ಖಾಸಗಿ ವ್ಯಾಪಾರವಾಗಿರಲಿಲ್ಲ. 1941ರಿಂದ ಅದೂ ಬ್ರಿಟಿಷ್ ಪತ್ರಿಕೆಗಳ ಒಂದು ಟ್ರಸ್ಟಿನ ಕಟ್ಟಿಗೆ ಒಳಪಟ್ಟಿತ್ತು. ನಿನ್ನೆಯವರೆಗೆ ಆಳಿದವರೊಡನೆ ಸಮಾನವಾಗಿ ಕುಳಿತಂತಾಯಿತು ಎಂದು ಸಂತೋಷಪಟ್ಟವರಿದ್ದರು; ಹೊರದೇಶದ ಸುದ್ದಿಗೆ ಇನ್ನೂ ಲಂಡನ್ನಿನ ಕನ್ನಡಕವೇ ಗತಿ ಎಂದು ಗೊಣಗಿದವರೂ ಇದ್ದರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಕಂಬಳಿ ಹಂಚಿಕೊಂಡರೂ ಅದರ ಅಂಚು ಯಾರ ಕೈಯಲ್ಲಿದೆ ಎಂಬುದು ಮುಖ್ಯವಾಗುತ್ತದೆ. 1953ರಲ್ಲಿ ಪಾಲುದಾರಿಕೆ ಮುಗಿಯಿತು. ಅಲ್ಲಿಂದ ಮುಂದೆ ಪಿ.ಟಿ.ಐ. ರಾಯಿಟರ್ಸ್‌ನ ಸುದ್ದಿಯನ್ನು ಬೆಲೆಕೊಟ್ಟು ಕೊಳ್ಳುವ ಸ್ವತಂತ್ರ ಗಿರಾಕಿ. ಪಾಲುದಾರನಿಗಿಂತ ಗಿರಾಕಿಗೇ ಹೆಚ್ಚು ಸ್ವಾತಂತ್ರ್ಯ ದೊರೆತ ಅಪರೂಪದ ಪ್ರಸಂಗ ಇದು.

ಇನ್ನು ಹಣದ ವಿಷಯ. ಪತ್ರಿಕೆಗಳು ಕೊಡುವ ಚಂದಾ ಅವುಗಳ ಪ್ರಸಾರಸಂಖ್ಯೆಗೆ ತಕ್ಕಂತೆ ಏರಿಳಿಯುತ್ತಿತ್ತು. ದೊಡ್ಡವರು ಹೆಚ್ಚು, ಚಿಕ್ಕವರು ಕಡಿಮೆ. ನ್ಯಾಯವಾದದ್ದೇ. ಆದರೆ ಬಾಡಿಗೆಗೆ ಪಡೆದ ತಂತಿ, ದೂರಮುದ್ರಕ, ಸಂಬಳ ಇವೆಲ್ಲವನ್ನೂ ಪತ್ರಿಕೆಗಳ ವಂತಿಗೆಯಿಂದಲೇ ತೂಗಿಸುವುದು ಸುಲಭವಾಗಿರಲಿಲ್ಲ. ಅಲ್ಲಿಗೆ ಬಂದು ನಿಂತ ದೊಡ್ಡ ಗಿರಾಕಿಯೆಂದರೆ ಆಕಾಶವಾಣಿ. ಬಾನುಲಿಯ ವಾರ್ತೆಗಳಿಗೆ ಸುದ್ದಿಸಂಸ್ಥೆ ಬೇಕು. ಸುದ್ದಿಸಂಸ್ಥೆಗೆ ಬಾನುಲಿಯ ಹಣ ಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆಕಾಶವಾಣಿ ಅಂದು ಸರ್ಕಾರದ ಇಲಾಖೆ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವೆ. ಸುದ್ದಿಯವನ ಧರ್ಮವೋ ಉಂಡ ಮನೆಯ ಜಂತಿಯನ್ನೂ ಎಣಿಸುವುದು!

ಈ ಗಂಟು ಬಿಗಿದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ. ಪಿ.ಟಿ.ಐ., ಯು.ಎನ್.ಐ., ಹಿಂದುಸ್ತಾನ್ ಸಮಾಚಾರ್, ಸಮಾಚಾರ್ ಭಾರತಿ ಎಂಬ ನಾಲ್ಕು ಸಂಸ್ಥೆಗಳನ್ನು ಕೂಡಿಸಿ 1976ರಲ್ಲಿ 'ಸಮಾಚಾರ್' ಎಂಬ ಒಂದೇ ಸಂಸ್ಥೆಯನ್ನು ಮಾಡಿದರು. ಈ ಕೂಡಿಕೆಗೆ ಸಂಸ್ಥೆಗಳನ್ನು ಒಪ್ಪಿಸುವಾಗ ಆಕಾಶವಾಣಿಯ ಚಂದಾ ಹಣವೇ ಒಂದು ಮುಖ್ಯ ಹಿಡಿಕೆಯಾಗಿತ್ತು. ಸೆನ್ಸಾರನು ಸಾಲುಗಳನ್ನು ಹೊಡೆದುಹಾಕಿದರೆ ಗೆರೆಯಾದರೂ ಕಾಣುತ್ತದೆ. ಚಂದಾ ನಿಲ್ಲುವ ಭಯಕ್ಕೆ ಬರೆಯದೆ ಬಿಟ್ಟ ಸಾಲಿಗೆ ಗೆರೆಯೂ ಇಲ್ಲ. ಆಡಳಿತ ಬದಲಾದ ಮೇಲೆ ಕುಲದೀಪ್ ನಯ್ಯರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಈ ವಿಷಯವನ್ನು ಪರಿಶೀಲಿಸಿತು. 1978ರ ಏಪ್ರಿಲ್‌ನಲ್ಲಿ ನಾಲ್ಕೂ ಸಂಸ್ಥೆಗಳು ಮತ್ತೆ ಬೇರೆಯಾದವು. ಹೆಸರುಗಳು ಮರಳಿದವು, ಹಣದ ಕೊರತೆಯೂ ಅವುಗಳೊಡನೆಯೇ ಮರಳಿತು.

ಹಳೆಯ ಕಥೆ ಎಂದು ಇದನ್ನು ಬದಿಗಿಡುವಂತಿಲ್ಲ. 2020ರ ಜೂನ್‌ನಲ್ಲಿ, ಗಲ್ವಾನ್ ಕಣಿವೆಯ ಘರ್ಷಣೆಯ ನಂತರ, ಪಿ.ಟಿ.ಐ. ದೆಹಲಿಯಲ್ಲಿದ್ದ ಚೀನಾ ರಾಯಭಾರಿಯ ಸಂದರ್ಶನ ಮಾಡಿತು. ಈ ವರದಿಗಾರಿಕೆ ದೇಶಹಿತಕ್ಕೆ ಒಗ್ಗುವುದಿಲ್ಲವೆಂದೂ ಸಂಬಂಧವನ್ನು ಮರುಪರಿಶೀಲಿಸಬೇಕಾದೀತೆಂದೂ ಪ್ರಸಾರ ಭಾರತಿ ಪತ್ರ ಬರೆಯಿತು. ಅದೇ ಅಕ್ಟೋಬರಿನಲ್ಲಿ ಪಿ.ಟಿ.ಐ., ಯು.ಎನ್.ಐ. ಎರಡರ ಚಂದಾವನ್ನೂ ನಿಲ್ಲಿಸಿ, ಹೊಸದಾಗಿ ದರಪಟ್ಟಿ ಕರೆಯುವುದಾಗಿ ಹೇಳಿತು. ದರದ ಬಗ್ಗೆ ಮೊದಲೇ ತಕರಾರಿದ್ದುದೂ ನಿಜ. ಆದರೂ ಎರಡು ಘಟನೆಗಳ ನಡುವೆ ನಾಲ್ಕೇ ತಿಂಗಳಿದ್ದುದನ್ನು ಓದುಗರು ಗಮನಿಸದೆ ಇರಲಾರರು. ಪಿ.ಟಿ.ಐ. ಆ ಪೆಟ್ಟನ್ನು ತಾಳಿಕೊಂಡಿತು. ಏಕೆಂದರೆ ಅದಕ್ಕೆ ನೂರಾರು ಬೇರೆ ಚಂದಾದಾರರಿದ್ದರು. ಮೊದಲೇ ಸಾಲದಲ್ಲಿದ್ದ ಯು.ಎನ್.ಐ. 2023ರಲ್ಲಿ ದಿವಾಳಿ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಾಯಿತು.

ಫ್ರಾನ್ಸಿನವರು ಇದೇ ತೊಡಕನ್ನು ಕಾನೂನಿನಿಂದ ಬಿಡಿಸಲು ನೋಡಿದರು. ಎ.ಎಫ್.ಪಿ. ಸಂಸ್ಥೆಗೆಂದೇ 1957ರಲ್ಲಿ ಶಾಸನ ಮಾಡಿ, ಯಾವ ಸಂದರ್ಭದಲ್ಲೂ ಅದು ತನ್ನ ನಿಷ್ಪಕ್ಷಪಾತಕ್ಕೆ ಧಕ್ಕೆ ತರುವ ಪ್ರಭಾವಕ್ಕೆ ಒಳಗಾಗಕೂಡದೆಂದು ವಿಧಿಸಿದರು. ಆದರೂ ಅಲ್ಲಿ ಸರ್ಕಾರಿ ಕಚೇರಿಗಳ ಚಂದಾ ಬಹುಕಾಲ ಆದಾಯದ ದೊಡ್ಡ ಪಾಲಾಗಿಯೇ ಉಳಿಯಿತು.

ಅಮೆರಿಕದಲ್ಲಿ ಭಯ ಸರ್ಕಾರದ್ದಲ್ಲ. ಮಾಲೀಕ ಪತ್ರಿಕೆಗಳೇ ಬಡವಾಗುತ್ತಿರುವುದರದ್ದು. 2024ರಲ್ಲಿ ಗ್ಯಾನೆಟ್, ಮೆಕ್ಲಾಚಿ ಎಂಬ ಎರಡು ದೊಡ್ಡ ಪತ್ರಿಕಾಸಮೂಹಗಳು ಎ.ಪಿ.ಯ ಸುದ್ದಿಯನ್ನು ಕೊಳ್ಳುವುದನ್ನು ನಿಲ್ಲಿಸುವುದಾಗಿ ಸಾರಿದವು. ಕುದುರೆಗೆ ಹುಲ್ಲು ಹಾಕುವವರು ಕಡಿಮೆಯಾದಾಗ ಎ.ಪಿ. ಆಗಲೇ ದಾನಿಗಳ ಕಡೆ ತಿರುಗಿತ್ತು: ಹವಾಮಾನ ಬದಲಾವಣೆಯ ವರದಿಗಾಗಿ 2022ರಲ್ಲಿ ರಾಕ್‌ಫೆಲರ್ ಮೊದಲಾದ ಐದು ದತ್ತಿಸಂಸ್ಥೆಗಳು ಮೂರು ವರ್ಷಕ್ಕೆ 80 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟವು. ಸುಮಾರು ಇಪ್ಪತ್ತು ಪತ್ರಕರ್ತರ ನೇಮಕಕ್ಕೆ ಆ ಹಣ. ಏನು ಬರೆಯಬೇಕೆಂಬುದರಲ್ಲಿ ದಾನಿಗಳಿಗೆ ಮಾತಿಲ್ಲವೆಂಬುದು ಒಪ್ಪಂದದ ಷರತ್ತು. ಅದನ್ನು ನಂಬಬಹುದು. ಆದರೆ ನನಗೆ ತೋರುವಂತೆ ತೊಡಕು ಇನ್ನೊಂದು ಕಡೆ ಇದೆ. ಹವಾಮಾನಕ್ಕೆ ದಾನಿ ಸಿಕ್ಕಿದ, ಸರಿ. ಪುರಸಭೆಯ ಆಯವ್ಯಯದ ಸಭೆಯಲ್ಲಿ ಕುಳಿತು ಬರೆಯುವವನಿಗೆ ದಾನಿ ಯಾರು? ದಾನದ ಹಣ ಬರೆದದ್ದನ್ನು ತಿದ್ದದೆ ಇರಬಹುದು. ಯಾವುದನ್ನು ಬರೆಯಲು ಜನರಿದ್ದಾರೆ ಎಂಬುದನ್ನು ಅದು ತೀರ್ಮಾನಿಸುತ್ತದೆ.

ಚಂದಾ ಹಣದ ಕಥೆಯಲ್ಲಿ ಕನ್ನಡ ಪತ್ರಿಕೆಗಳ ಪಾಲನ್ನು ಹೇಳದೆ ಬಿಡುವಂತಿಲ್ಲ. ದೂರಮುದ್ರಕದ ದಶಕಗಳಲ್ಲಿ ಪಿ.ಟಿ.ಐ.ಯ ಸುದ್ದಿ ಬರುತ್ತಿದ್ದುದು ಇಂಗ್ಲಿಷಿನಲ್ಲಿ. ಹಿಂದಿಯ 'ಭಾಷಾ' ಸೇವೆ ಆರಂಭವಾದದ್ದೇ 1986ರಲ್ಲಿ. ನಮ್ಮ ಪತ್ರಿಕೆಗಳು ಇಂಗ್ಲಿಷ್ ಸುದ್ದಿಗೆ ಚಂದಾ ಕೊಟ್ಟು, ಅದನ್ನು ಕನ್ನಡಕ್ಕೆ ತರಲು ಉಪಸಂಪಾದಕರಿಗೆ ಸಂಬಳವನ್ನೂ ಕೊಟ್ಟವು. ಒಂದೇ ಸುದ್ದಿಗೆ ಎರಡು ಸಲ ತೆತ್ತವು. ರಾತ್ರಿಪಾಳಿಯಲ್ಲಿ, ಅಚ್ಚಿಗೆ ಹೋಗುವ ಗಡುವಿನೊಳಗೆ, 'ಅವಿಶ್ವಾಸ ಗೊತ್ತುವಳಿ', 'ಮುಂಗಡಪತ್ರ', 'ಶ್ವೇತಪತ್ರ'ಗಳಂಥ ಮಾತುಗಳನ್ನು ದಿನಬಳಕೆಗೆ ತಂದವರಲ್ಲಿ ಆ ಹೆಸರಿಲ್ಲದ ಅನುವಾದಕರದು ದೊಡ್ಡ ಪಾಲು. ಅವರ ಸಾಲುಗಳ ನೆತ್ತಿಯ ಮೇಲೂ ಇರುತ್ತಿದ್ದುದು ಅದೇ ಮೂರಕ್ಷರ.