ಕೊನೆಯವರು ಬೀಗ ಹಾಕಿ: ನಿಮ್ಮ ಫೋನಿನೊಳಗಿನ ಒಂದು ಲೆಕ್ಕದ ಕಥೆ

ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಬಂದರೆ ನಮ್ಮಲ್ಲಿ ಹೆಚ್ಚಿನವರು ‘ಆಮೇಲೆ ನೋಡೋಣ’ ಅಂತ ಪಕ್ಕಕ್ಕೆ ಸರಿಸುತ್ತೇವೆ. ಅದರಲ್ಲಿ ಏನಿರುತ್ತೆ? ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನಾಗಿ ಹೇಳುತ್ತೇನೆ, ಎಷ್ಟೋ ಸಲ ಅದರಲ್ಲಿರೋದು ಬರೀ ಕೂಡೋ ಕಳೆಯೋ ಲೆಕ್ಕದ ತಿದ್ದುಪಡಿ. ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು ಶೇ. 70ರಷ್ಟು ಮೆಮೊರಿಯ ತಪ್ಪು ಬಳಕೆಯಿಂದ ಆದವು ಎಂದು ಗೂಗಲ್‌ನ ಕ್ರೋಮಿಯಂ ತಂಡ 2020ರಲ್ಲಿ ಹೇಳಿತ್ತು. ಅವುಗಳಲ್ಲಿ ಅರ್ಧದಷ್ಟು ಒಂದೇ ಬಗೆಯವು: ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವುದು.

ಇದು ಹೇಗಾಗುತ್ತೆ? ಒಂದು ಫೈಲನ್ನೋ ಚಿತ್ರವನ್ನೋ ಪ್ರೋಗ್ರಾಮಿನ ಹಲವು ಭಾಗಗಳು ಹಂಚಿಕೊಂಡು ಬಳಸುತ್ತವೆ. ಕೆಲಸ ಮುಗಿದ ಮೇಲೆ ಅದು ಕೂತಿದ್ದ ಜಾಗವನ್ನು ಯಾರು ಖಾಲಿ ಮಾಡಬೇಕು? ಕೊನೆಗೆ ಹೋಗೋರು. ಊರಿನ ಸಮುದಾಯ ಭವನದ ಬಾಗಿಲಲ್ಲಿ ಒಂದು ಸ್ಲೇಟು ಇದೆ ಅಂದುಕೊಳ್ಳಿ. ಒಳಗೆ ಹೋಗುವವರು ಒಂದು ಕೂಡಿಸುತ್ತಾರೆ, ಹೊರಗೆ ಬರುವವರು ಒಂದು ಕಳೆಯುತ್ತಾರೆ. ಸೊನ್ನೆ ಬರೆದವರೇ ಬೀಗ ಹಾಕಬೇಕು. ಆಮೇಲೆ ಭವನ ಬೇರೆಯವರಿಗೆ. ಇದೇ ರೆಫರೆನ್ಸ್ ಕೌಂಟಿಂಗ್. ಲಿನಕ್ಸ್ ಕರ್ನಲ್, ಪೈಥಾನ್, ಸ್ವಿಫ್ಟ್ ಎಲ್ಲವೂ ಇದನ್ನು ನಂಬಿಕೊಂಡಿವೆ.

ಒಬ್ಬರ ಹಿಂದೊಬ್ಬರು ಬಂದರೆ ತೊಂದರೆಯಿಲ್ಲ. ಆದರೆ ಸ್ಲೇಟಿನಲ್ಲಿ 2 ಇರುವಾಗ ಒಬ್ಬ ಒಳಬರುತ್ತಿದ್ದಾನೆ, ಅದೇ ಹೊತ್ತಿಗೆ ಇನ್ನೊಬ್ಬ ಹೊರಡುತ್ತಿದ್ದಾನೆ. ಇಬ್ಬರೂ ‘2’ ಅಂತ ಓದಿಕೊಂಡರು. ಬಂದವನು 3 ಬರೆದ, ಹೋಗುವವನು ಅದನ್ನು ಒರೆಸಿ 1 ಬರೆದ. ಒಳಗಿರೋದು ಇಬ್ಬರು, ಸ್ಲೇಟಿನ ಪ್ರಕಾರ ಒಬ್ಬರು. ಮುಂದೆ ಒಬ್ಬ ಹೊರಟರೂ ಸಾಕು, ಇನ್ನೊಬ್ಬ ಒಳಗಿರುವಾಗಲೇ ಬೀಗ ಬೀಳುತ್ತೆ. ಇದೇ ರೇಸ್ ಕಂಡೀಷನ್. ಇದಕ್ಕೆ ಪರಿಹಾರ ಪ್ರೊಸೆಸರ್‌ನಲ್ಲೇ ಇದೆ: ಓದುವುದು, ಲೆಕ್ಕ ಮಾಡುವುದು, ಬರೆಯುವುದು ಮೂರನ್ನೂ ಒಂದೇ ಹೆಜ್ಜೆಯಲ್ಲಿ ಮುಗಿಸುವ ‘ಅಟಾಮಿಕ್’ ಆದೇಶಗಳು.

ಅಲ್ಲಿಗೆ ಸಮಸ್ಯೆ ಮುಗಿಯಿತೇ? ಇಲ್ಲ. ಎಣಿಕೆ ನೂರಕ್ಕೆ ನೂರು ಸರಿಯಿದ್ದರೂ ಅಪಾಯ ಉಳಿಯುತ್ತೆ. ಕೊನೆಯವನು ಸೊನ್ನೆ ಬರೆದು ಬೀಗ ತೆಗೆದುಕೊಳ್ಳಲು ತಿರುಗಿದ. ಅಷ್ಟರಲ್ಲಿ ತೆರೆದ ಬಾಗಿಲು ಕಂಡ ಇನ್ನೊಬ್ಬ 1 ಬರೆದು ಒಳಗೆ ಹೋದ. ಯಾರೂ ಲೆಕ್ಕ ತಪ್ಪಲಿಲ್ಲ, ಆದರೂ ಒಬ್ಬ ಒಳಗೆ ಸಿಕ್ಕಿಬಿದ್ದ. ಹಾಗಾಗಿ ಸಂಖ್ಯೆ ನೋಡುವುದು ಮತ್ತು ಅದರ ಮೇಲೆ ನಿರ್ಧಾರ ಮಾಡುವುದು, ಇವೆರಡರ ನಡುವೆ ಬೇರೆಯವರಿಗೆ ಸಂದು ಸಿಗಬಾರದು. ‘ಸೊನ್ನೆ ಕಂಡರೆ ಒಳಗೆ ಕಾಲಿಡಬೇಡ’ ಎಂಬ ನಿಯಮವೂ ಬೇಕು.

ಆ ಸಂದಿನಲ್ಲೇ ದಾಳಿಕೋರ ಕಾದಿರುತ್ತಾನೆ. ಖಾಲಿಯಾದ ಜಾಗದಲ್ಲಿ ತನ್ನ ದತ್ತಾಂಶ ತಂದಿಡುತ್ತಾನೆ. ಹಳೆಯ ವಸ್ತು ಅಲ್ಲೇ ಇದೆ ಅಂದುಕೊಂಡ ಪ್ರೋಗ್ರಾಂ ಅವನದ್ದನ್ನೇ ನಂಬಿ ನಡೆಯುತ್ತೆ.

ಇದು ಬರೀ ಕಲ್ಪನೆಯಲ್ಲ. ಸಿವಿಇ-2021-0920 ಅನ್ನೋ ಲಿನಕ್ಸ್ ದೋಷವನ್ನೇ ನೋಡಿ. ಯಾರಿಗೂ ಬೇಡವಾದ ಸಾಕೆಟ್‌ಗಳನ್ನು ಗುಡಿಸಿ ಹಾಕುವ ಕೋಡ್, ಎಣಿಕೆ ನೋಡಿ ‘ಇದು ಕಸ’ ಅಂತ ತೀರ್ಮಾನಿಸುತ್ತಿತ್ತು. ಅದೇ ಕ್ಷಣದಲ್ಲಿ ಮತ್ತೊಂದು ಕಡೆಯಿಂದ ಅದನ್ನು ಎತ್ತಿಕೊಳ್ಳಲು ದಾರಿಯಿತ್ತು. ಈ ಸಮಸ್ಯೆ 2016ರಲ್ಲೇ ಸಾರ್ವಜನಿಕ ಚರ್ಚೆಗೆ ಬಂದಿತ್ತು. ಸರಿಪಡಿಸಿದ್ದು 2021ರಲ್ಲಿ, ಆಂಡ್ರಾಯ್ಡ್ ಫೋನುಗಳ ಮೇಲಿನ ದಾಳಿಗೆ ಅದು ಬಳಕೆಯಾದ ಮೇಲೆ.

ನನ್ನ ತಕರಾರು ಇಲ್ಲೇ ಇರೋದು. ರೇಸ್ ದೋಷಗಳು ಕರೆದಾಗ ಬರೋದಿಲ್ಲ. ಟೆಸ್ಟ್ ಮಾಡುವಾಗ ಸಾವಿರ ಸಲ ಸರಿಯಾಗಿ ನಡೆದ ಕೋಡ್ ಯಾವತ್ತೋ ಒಂದು ದಿನ ಕೈಕೊಡುತ್ತೆ. ‘ನಮ್ಮ ಕಂಪ್ಯೂಟರಲ್ಲಿ ಕಾಣಿಸ್ತಿಲ್ಲ’ ಅನ್ನೋದು ಇಂಥ ದೂರಿಗೆ ಉತ್ತರವೇ ಅಲ್ಲ. ಕೋಡ್ ಓದಿ, ಸಂದು ಇದೆಯೋ ಇಲ್ಲವೋ ಅಂತ ತರ್ಕದಿಂದ ತೀರ್ಮಾನಿಸಬೇಕು, ಇದ್ದರೆ ಅವತ್ತೇ ಮುಚ್ಚಬೇಕು. ಲಿನಕ್ಸ್ 2017ರಲ್ಲಿ ಎಣಿಕೆಗೆಂದೇ ಹೆಚ್ಚು ಜಾಗರೂಕವಾದ ಪ್ರತ್ಯೇಕ ವ್ಯವಸ್ಥೆ ತಂದಿತು. ರಸ್ಟ್ ಭಾಷೆಯಲ್ಲಂತೂ ಥ್ರೆಡ್‌ಗಳ ನಡುವೆ ಅಟಾಮಿಕ್ ಅಲ್ಲದ ಎಣಿಕೆಯನ್ನು ಹಂಚಿಕೊಳ್ಳಲು ಹೋದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ಬೀಗದ ಜವಾಬ್ದಾರಿಯನ್ನು ಮನುಷ್ಯರ ನೆನಪಿಗೆ ಬಿಡದ ಇಂಥ ದಾರಿಗಳೇ ಸರಿ.

ಬಳಸುವವರ ಪಾಲಿನ ಕೆಲಸ ಇದಕ್ಕಿಂತ ಸುಲಭ. ಆ ಅಪ್‌ಡೇಟನ್ನು ಇವತ್ತೇ ಹಾಕಿಕೊಳ್ಳಿ.