ಗಣಕಯಂತ್ರದ ಒಳಗುಟ್ಟನ್ನು ಕೈಗೆಟುಕಿಸುವುದು ಹೇಗೆ?

ಗಡಿಯಾರದ ಹಿಂಬದಿ ಬಿಚ್ಚಿದರೆ ಚಕ್ರಗಳು ತಿರುಗುವುದು ಕಾಣುತ್ತದೆ. ಗಣಕಯಂತ್ರದ ಪೆಟ್ಟಿಗೆ ತೆರೆದರೆ ಕಾಣುವುದು ಹಸಿರು ಹಲಗೆ ಮತ್ತು ಕಪ್ಪು ಚಿಪ್‌ಗಳು ಮಾತ್ರ. ಒಳಗೆ ಕೆಲಸ ನಡೆಯುತ್ತಿರುವ ಸುಳಿವೇ ಸಿಗದು. ಮುಟ್ಟಿ ಕಲಿಯುವ ಮಾದರಿಗಳನ್ನು ರೂಪಿಸುವ ವಿಜ್ಞಾನ ವಸ್ತುಸಂಗ್ರಹಾಲಯಗಳಿಗೆ ಇದು ದೊಡ್ಡ ಸವಾಲು.

ತೊಡಕುಗಳು ಎರಡು. ಯಂತ್ರದ ಅವಯವಗಳು ಅತಿ ಕಿರಿದು. ಅವುಗಳ ಕೆಲಸ ಅತಿ ವೇಗ.

ಹಿಗ್ಗಿಸುವ ಉಪಾಯ: ಮೊದಲ ತೊಡಕಿಗೆ ಅಮೆರಿಕದ ಬಾಸ್ಟನ್ ನಗರದ ಕಂಪ್ಯೂಟರ್ ಮ್ಯೂಸಿಯಂ 1990ರಲ್ಲಿ ಉತ್ತರ ಕಂಡುಕೊಂಡಿತು. ಅದು ಎರಡು ಅಂತಸ್ತಿನಷ್ಟು ಎತ್ತರದ ಗಣಕಯಂತ್ರವನ್ನೇ ನಿರ್ಮಿಸಿತು. ಬೃಹತ್ ಟ್ರ್ಯಾಕ್‌ಬಾಲ್ ಉರುಳಿಸಿ ಎರಡು ನಗರಗಳನ್ನು ಆರಿಸಿದರೆ, ಅವುಗಳ ನಡುವಿನ ಹತ್ತಿರದ ದಾರಿಯನ್ನು ಯಂತ್ರ ಹುಡುಕುತ್ತಿತ್ತು. ಜನ ಒಳಹೊಕ್ಕು ಯಂತ್ರದ ಭಾಗಗಳ ನಡುವೆ ನಡೆದಾಡಬಹುದಿತ್ತು. ಆ ಮ್ಯೂಸಿಯಂ 1999ರಲ್ಲಿ ಮುಚ್ಚಿತು.

ಈ ವಿಧಾನಕ್ಕೂ ಮಿತಿಯುಂಟು. ಇಂದಿನ ಚಿಪ್ ಒಂದನ್ನು ಆಳೆತ್ತರಕ್ಕೆ ಹಿಗ್ಗಿಸಿದರೂ ಅದರೊಳಗಿನ ಟ್ರಾನ್ಸಿಸ್ಟರ್ ಬರಿಗಣ್ಣಿಗೆ ಕಾಣದು. ಗಣಕಯಂತ್ರದ ಸಕಲ ಲೆಕ್ಕಾಚಾರವೂ ನಡೆಯುವುದು ಟ್ರಾನ್ಸಿಸ್ಟರ್ ಎಂಬ ಈ ಪುಟ್ಟ ಸ್ವಿಚ್‌ನಿಂದಲೇ.

ಬಿಡಿಬಿಡಿಯಾಗಿ ಜೋಡಿಸಿದಾಗ: ಇಂಗ್ಲೆಂಡಿನ ಕೇಂಬ್ರಿಜ್‌ನ ಜೇಮ್ಸ್ ನ್ಯೂಮನ್ ಬೇರೆಯದೇ ದಾರಿ ಹಿಡಿದರು. ಸುಮಾರು 40 ಸಾವಿರ ಬಿಡಿ ಟ್ರಾನ್ಸಿಸ್ಟರ್‌ಗಳನ್ನು ಜೋಡಿಸಿ 2016ರಲ್ಲಿ ‘ಮೆಗಾಪ್ರೊಸೆಸರ್’ ಪೂರ್ಣಗೊಳಿಸಿದರು. ಉದ್ದ ಸುಮಾರು 10 ಮೀಟರ್, ಎತ್ತರ 2 ಮೀಟರ್. ಸಂಕೇತ ಹರಿಯುವೆಡೆಗಳಲ್ಲಿ ಅಳವಡಿಸಿದ 10 ಸಾವಿರಕ್ಕೂ ಅಧಿಕ ಎಲ್‌ಇಡಿ ದೀಪಗಳು ಉರಿದರೆ 1, ಆರಿದರೆ 0. ಇದು ಬರೀ ಪ್ರತಿಕೃತಿಯಲ್ಲ, ನಿಜವಾಗಿ ಲೆಕ್ಕ ಮಾಡುವ ಯಂತ್ರ. ಇದರಲ್ಲಿ ಟೆಟ್ರಿಸ್ ಆಟವನ್ನೂ ಆಡಬಹುದು. ಬಳಿಕ ಇದು ಕೇಂಬ್ರಿಜ್‌ನ ಸೆಂಟರ್ ಫಾರ್ ಕಂಪ್ಯೂಟಿಂಗ್ ಹಿಸ್ಟರಿ ಸೇರಿತು.

ಅದರ ಸ್ಮೃತಿಕೋಶದ ಸಾಮರ್ಥ್ಯ ಕೇವಲ 256 ಬೈಟ್. ಇಂದು ಬಳಕೆಯಲ್ಲಿರುವ ಯುಟಿಎಫ್-8 ಯೂನಿಕೋಡ್ ಪದ್ಧತಿಯಲ್ಲಿ ‘ಕನ್ನಡ’ ಎಂಬ ಪದಕ್ಕೆ 15 ಬೈಟ್ ಬೇಕು. ಅಂದರೆ ನಡುವೆ ಜಾಗ ಬಿಡದೆ ಆ ಪದವನ್ನು 17 ಬಾರಿ ಬರೆಯುವಷ್ಟರಲ್ಲಿ ಸ್ಮೃತಿಕೋಶ ತುಂಬಿಹೋಗುತ್ತದೆ!

ನಿಧಾನವೇ ಪ್ರಧಾನ: ಎರಡನೆಯ ತೊಡಕು ವೇಗದ್ದು. ಸೆಕೆಂಡಿಗೆ 300 ಕೋಟಿ ಮಿಡಿತಗಳ ಚಿಪ್‌ನ ಒಂದೇ ಸೆಕೆಂಡಿನ ಕೆಲಸವನ್ನು, ಮಿಡಿತಕ್ಕೊಮ್ಮೆಯಂತೆ ಸೆಕೆಂಡಿಗೊಂದು ಬಾರಿ ಗುಂಡಿ ಒತ್ತಿ ಮುಗಿಸಲು ಸುಮಾರು 95 ವರ್ಷ ಹಿಡಿಯುತ್ತದೆ. ಆದ್ದರಿಂದ ಮಿಡಿತದ ಹತೋಟಿಯನ್ನು ಸಂದರ್ಶಕರ ಕೈಗೇ ಕೊಡುವುದು ಸೂಕ್ತ. ಒಂದು ಸಲ ಒತ್ತಿದರೆ ಒಂದೇ ಹೆಜ್ಜೆ. ಆಗ ಮಾತ್ರ ಯಾವ ದೀಪ ಏಕೆ ಉರಿಯಿತು ಎಂದು ಪತ್ತೆಹಚ್ಚಲು ಸಾಧ್ಯ.

ಆರಂಭಕ್ಕೆ ಎರಡು ಸ್ವಿಚ್, ಒಂದು ಬಲ್ಬ್ ಸಾಕು. ಒಂದರ ಮುಂದೊಂದು ಜೋಡಿಸಿದಾಗ ಎರಡನ್ನೂ ಒತ್ತಿದರೆ ಮಾತ್ರ ಬಲ್ಬ್ ಉರಿಯುತ್ತದೆ. ಅಕ್ಕಪಕ್ಕ ಜೋಡಿಸಿದರೆ ಯಾವುದಾದರೊಂದು ಸಾಕು. ‘ಮತ್ತು’, ‘ಅಥವಾ’ ಎಂಬ ಈ ನಿಯಮಗಳಿಗೆ ‘ಅಲ್ಲ’ ಎಂಬುದನ್ನು ಸೇರಿಸಿದರೆ ಕೂಡುವ ಮಂಡಲ ಸಿದ್ಧವಾಗುತ್ತದೆ.

ಗುಂಡಿ ಒತ್ತಿದೊಡನೆ ಬಣ್ಣದ ದೀಪಗಳು ಮಿನುಗುವ ಮಾದರಿಗಳು ಮಕ್ಕಳನ್ನು ಸೆಳೆಯಬಹುದು. ಆದರೆ ಕಾರಣ ತಿಳಿಯದ ಮಿನುಗು ಗಣಕಯಂತ್ರವನ್ನು ಮತ್ತಷ್ಟು ಮಾಯಾಪೆಟ್ಟಿಗೆಯಾಗಿಸುತ್ತದೆ. ಬ್ಯಾಂಕ್ ಸಾಲ, ಪರೀಕ್ಷಾ ಫಲಿತಾಂಶಗಳಲ್ಲೂ ಗಣಕಯಂತ್ರದ ಪಾತ್ರವಿರುವ ಈ ಕಾಲದಲ್ಲಿ, ಅದು ಹೇಳಿದ್ದನ್ನು ಜನ ಸುಮ್ಮನೆ ಒಪ್ಪಿಕೊಳ್ಳುವ ಅಪಾಯವಿದೆ. ಒಂದೊಂದೇ ಹೆಜ್ಜೆಯನ್ನು ಕಣ್ಣಾರೆ ಕಂಡವರಿಗೆ ಮಾತ್ರ, ‘ಈ ಉತ್ತರ ಹೇಗೆ ಬಂತು?’ ಎಂದು ಪ್ರಶ್ನಿಸುವ ಧೈರ್ಯ ಬಂದೀತು.