ತಂಡದ ಹಿರಿಯಣ್ಣ

ಕ್ರಿಕೆಟ್ಟಿನ ಬಗ್ಗೆ ಬರೆಯುತ್ತೇನೆ ಅಂದಾಗ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. "ಮಾದಲಿ ಮಾಡೂದು ಹೆಂಗ ಅಂತ ಬರಿ, ಆಟದ ಉಸಾಬರಿ ನಿನಗ್ಯಾಕ?" ಎಂದರು ಮನೆಯವರು. ಮಾದಲಿಯ ವಿಷಯವನ್ನು ನನಗಿಂತ ಚೆನ್ನಾಗಿ ಬರೆಯುವವರು ಈ ಪುಟಗಳಲ್ಲಿ ಬಹಳ ಜನ ಇದ್ದಾರೆ. ನಾನು ಹೇಳಬೇಕೆಂದಿರುವುದು ದಾವಣಗೆರೆಯ ವಿನಯ್ ಕುಮಾರ್ ಎಂಬ ಬೌಲರನ ಸಂಗತಿ. ಅದನ್ನು ಹೇಳಬೇಕಾದರೆ ನಮ್ಮ ಅತ್ತೆಯವರ ಸಂಗತಿಯನ್ನೂ ಸ್ವಲ್ಪ ಹೇಳಬೇಕಾಗುತ್ತದೆ.

2019ರ ಸಂಕ್ರಾಂತಿ. ತಂಬೂರದ ನಮ್ಮ ಮನೆಯಲ್ಲಿ ಹಬ್ಬವೆಂದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ಆಗಲೇಬೇಕು. ಆಗ ಅತ್ತೆಯವರಿಗೆ ಅರವತ್ತೆಂಟು ವಯಸ್ಸು. ಬಲಗೈ ಮಣಿಕಟ್ಟು ಬಾತುಕೊಂಡು ರೊಟ್ಟಿ ಬಡಿಯುವಾಗ ಮುಖ ಕಿವುಚುತ್ತಿದ್ದರು. ಆದರೂ ಒಲೆಯ ಮುಂದಿನಿಂದ ಏಳುವವರಲ್ಲ. "ಬಿಡ್ರಿ ಅತ್ತಿ, ನಾ ಬಡೀತೀನಿ" ಎಂದೆ. "ನಿನ್ನ ರೊಟ್ಟಿ ಉಬ್ಬೂದಿಲ್ಲವ್ವಾ" ಎಂದುಬಿಟ್ಟರು. ಮದುವೆಯಾಗಿ ಹದಿನೇಳು ವರ್ಷವಾದವಳಿಗೆ ಹಬ್ಬದ ದಿನ ಹೇಳುವ ಮಾತೇ ಇದು? ನಾನೂ ಸುಮ್ಮನಿರಲಿಲ್ಲ, "ನಿಮಗ ವಯಸ್ಸಾತು, ಇನ್ನ ಸಾಕು ಮಾಡ್ರಿ" ಎಂದೆ. ಅಲ್ಲಿಂದ ನಮ್ಮಿಬ್ಬರಲ್ಲಿ ಮಾತಿಲ್ಲ.

ಮರುದಿನ ಮಗ ಅವರಪ್ಪನ ಮೊಬೈಲು ಹಿಡಿದುಕೊಂಡು ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದ. ಆಗ ಅವನಿಗೆ ಹದಿನಾಲ್ಕು. ಬೆಂಗಳೂರಿನಲ್ಲಿ ಕರ್ನಾಟಕಕ್ಕೂ ರಾಜಸ್ಥಾನಕ್ಕೂ ರಣಜಿ ಟ್ರೋಫಿಯ ಕ್ವಾರ್ಟರ್ ಫೈನಲ್ ನಡೆದಿತ್ತು. "ಯವ್ವಾ, ಮುಗೀತು ನೋಡು. 166ಕ್ಕ ಒಂಬತ್ತು ಹೋದುವು" ಎಂದ. ಹುಡುಗನ ಮುಖ ನೋಡಿದರೆ ಮನೆಯ ಎತ್ತು ಸತ್ತವರಂತೆ ಇತ್ತು.

ಇದರಲ್ಲಿ ಅಷ್ಟು ದುಃಖವೇನು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ರಣಜಿ ಎಂದರೆ ನಮ್ಮ ದೇಶದ ರಾಜ್ಯ ರಾಜ್ಯಗಳ ನಡುವಿನ ದೊಡ್ಡ ಪಂದ್ಯಾವಳಿ. ಮೊದಲು ಗುಂಪುಗಳಲ್ಲಿ ಆಡಿ ಅಂಕ ಗಳಿಸಬೇಕು. ಆಮೇಲೆ ಬರುವುದು ನಾಕೌಟ್. ಅಲ್ಲಿ ಒಮ್ಮೆ ಸೋತರೆ ಗಂಟುಮೂಟೆ ಕಟ್ಟಿ ಮನೆಗೆ ಹೋಗುವುದೇ. ನಾಕೌಟಿನಲ್ಲಿ ಪಂದ್ಯ ಗೆಲುವು ಸೋಲು ಕಾಣದೆ ಮುಗಿದರೆ, ಮೊದಲ ಇನ್ನಿಂಗ್ಸಿನಲ್ಲಿ ಯಾರು ಹೆಚ್ಚು ರನ್ ಮಾಡಿದರೋ ಅವರೇ ಮುಂದೆ. ಆದ್ದರಿಂದ ಆ ಮೊದಲ ಇನ್ನಿಂಗ್ಸಿನ ಒಂದೊಂದು ರನ್ನಿಗೂ ಬೆಲೆ. ರಾಜಸ್ಥಾನ ಮಾಡಿದ್ದು 224. ನಮಗೆ ಸರಿಸಮಕ್ಕೆ ಬರಲು ಇನ್ನೂ 58 ಬೇಕು, ಉಳಿದದ್ದು ಒಂದೇ ವಿಕೆಟ್. ಆಡುತ್ತಿದ್ದವರು ಇಬ್ಬರೂ ಬೌಲರುಗಳು. ಒಬ್ಬ ವಿನಯ್ ಕುಮಾರ್, ಇನ್ನೊಬ್ಬ ನಮ್ಮ ಬೆಳಗಾವಿಯ ರೋನಿತ್ ಮೋರೆ.

ವಿನಯ್‌ಗೆ ಆಗ ಮೂವತ್ತೈದು ತುಂಬಲು ಒಂದು ತಿಂಗಳಿತ್ತು. ಮೂವತ್ತೈದು ಒಂದು ವಯಸ್ಸೇ ಎಂದು ನಗಬೇಡಿ. ವೇಗದ ಬೌಲರನಿಗೆ ಅದು ಮುಪ್ಪು. ಓಡಿಬಂದು ಚೆಂಡು ಬಿಡುವಾಗ ಮುಂದಿನ ಕಾಲಿನ ಮೇಲೆ ಮೈತೂಕದ ಎಷ್ಟೋ ಪಟ್ಟು ಭಾರ ಬೀಳುತ್ತದೆ. ದಿನಕ್ಕೆ ಇಪ್ಪತ್ತು ಓವರ್ ಎಂದರೆ ನೂರಾ ಇಪ್ಪತ್ತು ಸಲ. ಮೊಣಕಾಲು, ಹಿಮ್ಮಡಿ, ಸೊಂಟ ಎಷ್ಟು ವರ್ಷ ತಡೆದಾವು? ಬಾವಿಯಿಂದ ನೀರು ಸೇದಿ ಸೊಂಟ ಹಿಡಿದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ವಿನಯ್ ದಾವಣಗೆರೆಯಲ್ಲಿ ಆಟೋ ಓಡಿಸುತ್ತಿದ್ದವರ ಮಗ. ಜನ ಪ್ರೀತಿಯಿಂದ 'ದಾವಣಗೆರೆ ಎಕ್ಸ್‌ಪ್ರೆಸ್' ಎಂದು ಕರೆದರೂ ಅವನು ಭಾರೀ ವೇಗದವನೇನಲ್ಲ. ಅವನ ಬಲ ಇದ್ದದ್ದು ಹಿಡಿತದಲ್ಲಿ. ನಾವು ರಂಗೋಲಿಯ ಚುಕ್ಕಿ ಇಡುತ್ತೇವಲ್ಲ, ಹಾಗೆ ಒಂದೇ ಜಾಗದಲ್ಲಿ ಚೆಂಡು ಇಡುತ್ತ ಇಡುತ್ತ, ಒಮ್ಮೆ ಒಳಗೆ ಒಮ್ಮೆ ಹೊರಗೆ ಹೊರಳಿಸುತ್ತಿದ್ದ. ಬೆಂಗಳೂರಿನ ಹೊರಗಿನ ಹುಡುಗರು ರಾಜ್ಯ ತಂಡಕ್ಕೆ ಬರುವುದು ಸುಲಭದ ಮಾತಲ್ಲ. ಗದಗಿನ ಸುನೀಲ್ ಜೋಶಿಯವರು ಚಿಕ್ಕವರಿದ್ದಾಗ ನಸುಕಿನ ರೈಲಿಗೆ ಹುಬ್ಬಳ್ಳಿಗೆ ಬಂದು ಆಡಿ, ತಿರುಗಿ ಗದಗಿಗೆ ಶಾಲೆಗೆ ಹೋಗುತ್ತಿದ್ದರಂತೆ. 1999ರಲ್ಲಿ ಅವರು ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರಿಗೆ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದಾಗ ನಮ್ಮಪ್ಪ ತಾನೇ ತೆಗೆದವರ ಹಾಗೆ ಓಣಿಯಲ್ಲಿ ತಿರುಗಾಡಿದ್ದು ನನಗೆ ನೆನಪಿದೆ.

ಅಪ್ಪ ಕರ್ನಾಟಕ ತಂಡವನ್ನು ಮನೆತನ ಎಂದೇ ಕರೆಯುತ್ತಿದ್ದರು. ಮುಂಬೈಯವರು 15 ವರ್ಷ ಬಿಡದೆ ಗೆದ್ದಿದ್ದ ಟ್ರೋಫಿಯನ್ನು 1974ರಲ್ಲಿ ಪ್ರಸನ್ನ ಅವರ ನಾಯಕತ್ವದಲ್ಲಿ ನಮ್ಮವರು ಕಿತ್ತುಕೊಂಡರು. ಅಂದಿನಿಂದ 2015ರ ವರೆಗೆ 8 ಸಲ ಗೆದ್ದರು. ಕೊನೆಯ ಎರಡು ಟ್ರೋಫಿ ಎತ್ತಿದ ನಾಯಕನೇ ಈ ವಿನಯ್.

ಅದಕ್ಕೆ ಮೊದಲು ಅವನಿಗಾದ ಅಪಮಾನವನ್ನು ಹೇಳಬೇಕು. 2013ರ ನವೆಂಬರ್ 2, ದೀಪಾವಳಿಯ ಹೊತ್ತು. ಬೆಂಗಳೂರಿನಲ್ಲಿ ಆಸ್ಟ್ರೇಲಿಯದ ಮೇಲೆ ಪಂದ್ಯ. ರೋಹಿತ್ ಶರ್ಮ 209 ಹೊಡೆದ ದಿನವೆಂದು ಊರೆಲ್ಲ ಪಟಾಕಿ ಹಾರಿಸಿತು, ಭಾರತ ಗೆದ್ದಿತು. ಆದರೆ ಅದೇ ದಿನ ವಿನಯ್ 9 ಓವರುಗಳಲ್ಲಿ 102 ರನ್ ಹೊಡೆಸಿಕೊಂಡ. ತನ್ನದೇ ಅಂಗಳದಲ್ಲಿ, ತನ್ನ ಜನರೆದುರು. ಆಮೇಲೆ ಭಾರತ ತಂಡಕ್ಕೆ ಅವನನ್ನು ಮತ್ತೆ ಕರೆಯಲಿಲ್ಲ. ಪೇಟೆಯಲ್ಲಿ, ಬಸ್ಸಿನಲ್ಲಿ ಅವನ ಹೆಸರು ಹೇಳಿ ನಗುವವರನ್ನು ನಾನೇ ಕಂಡಿದ್ದೇನೆ. ಸಾರು ಒಂದು ದಿನ ಕೆಟ್ಟರೆ ಇಪ್ಪತ್ತು ವರ್ಷದ ಅಡಿಗೆ ಮರೆತುಬಿಡುವ ಜನ ಎಲ್ಲ ಕಡೆಗೂ ಇರುತ್ತಾರಲ್ಲ!

ಅಂಥವನು ಮುಂದೆ ಏನು ಮಾಡಿದ ಗೊತ್ತೇ? ಅದೇ ಋತುವಿನಲ್ಲಿ, 2014ರ ಫೆಬ್ರವರಿಯಲ್ಲಿ, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ರಣಜಿ ಟ್ರೋಫಿ ತಂದ. ಕರ್ನಾಟಕಕ್ಕೆ 15 ವರ್ಷದ ನಂತರ ಬಂದ ಟ್ರೋಫಿ ಅದು. ಇರಾನಿ ಟ್ರೋಫಿಯೂ ಬಂತು, ವಿಜಯ್ ಹಜಾರೆ ಟ್ರೋಫಿಯೂ ಬಂತು. ಮರುವರ್ಷ ಮತ್ತೆ ಮೂರಕ್ಕೆ ಮೂರೂ! 2015ರ ಸೆಮಿಫೈನಲಿನಲ್ಲಿ ನಮ್ಮವರು 202ಕ್ಕೆ ಮುಗಿದಾಗ ಎಲ್ಲರೂ ಕೈಚೆಲ್ಲಿದ್ದರು. ವಿನಯ್ 20 ರನ್ ಕೊಟ್ಟು 6 ವಿಕೆಟ್ ತೆಗೆದ. ಆ ಹೊತ್ತಿಗೆ 40 ಸಲ ರಣಜಿ ಗೆದ್ದಿದ್ದ ಮುಂಬೈ 44 ರನ್ನಿಗೆ ಗಂಟು ಕಟ್ಟಿತು. ಮುಂಬೈಯಲ್ಲೇ ನಡೆದ ಫೈನಲಿನಲ್ಲಿ ತಮಿಳುನಾಡಿನ 5 ವಿಕೆಟ್ ತೆಗೆದು, ಮೇಲೆ ಔಟಾಗದೆ 105 ರನ್ನನ್ನೂ ಹೊಡೆದ. ಕರುಣ್ ನಾಯರ್ ಮಾಡಿದ 328ರ ಸುದ್ದಿಯ ಕೆಳಗೆ ಇವನ ನೂರು ಮುಚ್ಚಿಹೋಯಿತು, ಇರಲಿ.

ಆಮೇಲೆ ಇಳಿಗಾಲ. ತಂಡದ ಒಳ್ಳೊಳ್ಳೆಯ ಬ್ಯಾಟುಗಾರರು ಭಾರತದ ಪರ ಆಡಲು ಹೋಗುವರು, ಮನೆಯ ಭಾರವೆಲ್ಲ ಉಳಿದವರ ಹೆಗಲಿಗೆ. "ವಿನಯ್‌ಗೆ ವಯಸ್ಸಾಯಿತು, ಹುಡುಗರಿಗೆ ಜಾಗ ಬಿಡಲಿ" ಎಂಬ ಮಾತು ಹುಟ್ಟಿತು. 2017ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಮುಂಬೈ ಎದುರು ಕ್ವಾರ್ಟರ್ ಫೈನಲ್. ಕರ್ನಾಟಕದ ಪರ ಅವನ ನೂರನೆಯ ಪಂದ್ಯ. ಮೊದಲ ಓವರಿನ ಕಡೆಯ ಚೆಂಡಿಗೆ ಒಂದು ವಿಕೆಟ್, ತನ್ನ ಮುಂದಿನ ಓವರಿನ ಮೊದಲ ಎರಡು ಚೆಂಡಿಗೆ ಎರಡು. ಹ್ಯಾಟ್ರಿಕ್! ಒಟ್ಟು 34 ರನ್ನಿಗೆ 6 ವಿಕೆಟ್. ನಮ್ಮ ಹುಡುಗ ಅಂದು ಊಟ ಮಾಡದೆ ಕುಣಿದ.

ಹತ್ತೇ ದಿನ. ಕೋಲ್ಕತ್ತದಲ್ಲಿ ವಿದರ್ಭದ ಮೇಲೆ ಸೆಮಿಫೈನಲ್. ಗೆಲ್ಲಲು 198 ಬೇಕು. ನಾಲ್ಕನೆಯ ದಿನ ಸಂಜೆಗೆ 111ಕ್ಕೆ 7 ಹೋಗಿದ್ದವು. ಕೊನೆಯ ದಿನ ಬೆಳಿಗ್ಗೆ ವಿನಯ್ 36 ಮಾಡಿದ, ಮಿಥುನ್ 33 ಮಾಡಿದ. ಇನ್ನೇನು ದಡ ಕಂಡಿತು ಎನ್ನುವಾಗ ದೋಣಿ ಮಗುಚಿತು. 5 ರನ್ನಿನಿಂದ ಸೋಲು. 2010ರಲ್ಲಿ ಮೈಸೂರಿನ ಫೈನಲಿನಲ್ಲಿ ಮುಂಬೈಗೆ 6 ರನ್ನಿನಿಂದ ಸೋತಾಗಲೂ ಅವನು ತಂಡದಲ್ಲಿದ್ದ. ಎರಡು ಸಲ ಇಂಥ ಸೋಲು ಉಂಡವನು ಮರುವರ್ಷ ಮತ್ತೆ ಷೂ ಕಟ್ಟಿ ಮೈದಾನಕ್ಕೆ ಇಳಿಯುತ್ತಾನಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಇಲ್ಲಿ ಒಂದು ಮಾತು. ನಮ್ಮ ಹೆಣ್ಣುಮಕ್ಕಳದೂ ಕಡಿಮೆಯೇನಲ್ಲ. 2017ರ ಜುಲೈಯಲ್ಲಿ ಇಂಗ್ಲೆಂಡಿನ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ಮೇಲೆ ಗೆದ್ದರಷ್ಟೇ ಸೆಮಿಫೈನಲ್ ಎಂಬ ಪಂದ್ಯವಿತ್ತು. ಕಡೂರಿನ ವೇದಾ ಕೃಷ್ಣಮೂರ್ತಿ 70 ರನ್ ಹೊಡೆದಳು, ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್ನಿಗೆ 5 ವಿಕೆಟ್ ತೆಗೆದಳು. ನಿಮ್ಮ ಮಗಳು ಬ್ಯಾಟು ಹಿಡಿದರೆ ಗದರಿಸುವ ಮುಂಚೆ ಇದು ನೆನಪಿರಲಿ.

ಈಗ ಹೊಸ್ತಿಲಿಗೆ ಬರೋಣ. 166ಕ್ಕೆ 9. ಮಗ ಮೊಬೈಲು ಕೆಳಗಿಟ್ಟುಬಿಟ್ಟಿದ್ದ. ಹತ್ತು ನಿಮಿಷ ಬಿಟ್ಟು ನೋಡಿದ, ಇನ್ನೂ ಆಡುತ್ತಿದ್ದಾರೆ. ಮತ್ತೆ ನೋಡಿದ, ಇನ್ನೂ! ಆಮೇಲೆ ಜೋರಾಗಿ ಲೆಕ್ಕ ಹೇಳತೊಡಗಿದ: ಇನ್ನು ನಲವತ್ತು, ಇನ್ನು ಮೂವತ್ತು. ಮೂಲೆಯಲ್ಲಿ ಕೈಗೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊಳ್ಳುತ್ತಿದ್ದ ಅತ್ತೆಯವರು ಕಿವಿಗೊಟ್ಟರು.

"ಯಾರೋ ಅವಾ ಹೊಡ್ಯಾಂವ?"

"ವಿನಯ್ ಕುಮಾರ್, ಆಯಿ. ಮದ್ಲ ಇವನ ಕ್ಯಾಪ್ಟನ್ ಇದ್ದಾ. ಈಗ ಮನೀಶ್ ಪಾಂಡೆ ಕ್ಯಾಪ್ಟನ್. ಇವನ ಕೈಯಾಗ ಬೆಳೆದಾಂವ."

"ಮತ್ತ ಇವಗ ಸಿಟ್ಟು ಬರೂದಿಲ್ಲೇನು?"

"ಸಿಟ್ಟು ಮಾಡಿಕೊಂಡು ಕುಂತ್ರ ಆಡೋರ್ ಯಾರು, ಆಯಿ?"

ಹುಡುಗ ಯೋಚನೆ ಮಾಡಿ ಆಡಿದ ಮಾತಲ್ಲ ಅದು. ಅತ್ತೆಯವರೂ ನಾನೂ ಒಬ್ಬರನ್ನೊಬ್ಬರು ನೋಡಲಿಲ್ಲ.

224 ದಾಟಿತು. ಅಲ್ಲಿಗೇ ನಿಲ್ಲದೆ 263ಕ್ಕೆ ಹೋಗಿ ಮುಗಿಯಿತು. ವಿನಯ್ ಔಟಾಗದೆ 83. ಕಡೆಯ ಜೋಡಿ ಸೇರಿಸಿದ್ದು 97 ರನ್, ಅದರಲ್ಲಿ ಮೋರೆಯದು ಬರೀ 10. ಎರಡು ದಿನ ಬಿಟ್ಟು ಮನೀಶ್ ಪಾಂಡೆ 87, ಕರುಣ್ ನಾಯರ್ 61 ಹೊಡೆದು ಔಟಾಗದೆ ನಿಂತರು. 6 ವಿಕೆಟ್‌ಗಳ ಗೆಲುವು. ನಾಯಕನ ಫೋಟೋ ಪೇಪರಿನಲ್ಲಿ ಬಂತು. ಆದರೆ ಒಂಬತ್ತು ಜನ ಹೋದ ಮೇಲೂ ಒಂದು ತುದಿ ಹಿಡಿದು ನಿಂತವನು ಹಿರಿಯಣ್ಣನೇ ಅಲ್ಲವೇ?

ಮೂರನೆಯ ದಿನ ಬೆಳಿಗ್ಗೆ ಅತ್ತೆಯವರು ಹಿಟ್ಟು ನಾದಿ ನನ್ನ ಕಡೆ ಸರಿಸಿದರು. "ನೀ ಬಡಿ. ನಾ ಹಂಚು ನೋಡಕೋತೀನಿ" ಎಂದರು. ಆಟ ಕೇಳಿ ಅವರ ಮನಸ್ಸು ತಿರುಗಿತೆಂದು ನಾನು ಹೇಳುವುದಿಲ್ಲ, ಮಣಿಕಟ್ಟಿನ ನೋವೇ ಹೆಚ್ಚಾಗಿತ್ತೋ ಏನೋ. ನಾನು ಬಡಿದೆ, ಅವರು ಎಡಗೈಯಲ್ಲಿ ನೀರು ಸವರಿ, ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಿ, ಅರಿವೆಯಿಂದ ಅಂಚು ಒತ್ತಿದರು. ಪೂರಿಯ ಹಾಗೆ ಉಬ್ಬಿತು. ಇಷ್ಟು ವರ್ಷ ನಾನು ನೀರು ಪೂರಾ ಒಣಗಿದ ಮೇಲೆ ತಿರುವುತ್ತಿದ್ದೆ. ಉಬ್ಬುವುದಿಲ್ಲ ಎಂದು ಅವರು ಅಂದದ್ದು ಸುಳ್ಳಲ್ಲ, ಸೋದರಿಯರೇ. ಹೇಳಿದ ರೀತಿ ಬೇರೆ ಇದ್ದಿದ್ದರೆ ಆಗುತ್ತಿತ್ತು, ನಾನು ವಯಸ್ಸು ಎತ್ತದೆ ಇದ್ದಿದ್ದರೂ ಆಗುತ್ತಿತ್ತು.

ಮುಂದಿನ ವಾರ ಸೌರಾಷ್ಟ್ರದ ಮೇಲಿನ ಸೆಮಿಫೈನಲಿನಲ್ಲಿ ಕರ್ನಾಟಕ ಸೋತಿತು. ಚೇತೇಶ್ವರ ಪೂಜಾರ ಔಟೋ ಅಲ್ಲವೋ ಎಂದು ದೊಡ್ಡ ಗದ್ದಲವಾಯಿತು. ಅವನು 131 ಹೊಡೆದು ಗೆಲ್ಲಿಸಿಕೊಂಡು ಹೋದ. ವಿನಯ್ ಅದೇ ವರ್ಷ ಕರ್ನಾಟಕ ಬಿಟ್ಟು ಪುದುಚೇರಿ ತಂಡಕ್ಕೆ ಹೋದ. ಹೆಣ್ಣುಮಗಳು ತವರು ಬಿಟ್ಟ ಹಾಗಾಯಿತು ನನಗೆ. ಅಲ್ಲಿಯೂ ಒಂದೇ ಋತುವಿನಲ್ಲಿ 45 ವಿಕೆಟ್ ತೆಗೆದ. 2021ರ ಫೆಬ್ರವರಿಯಲ್ಲಿ ಆಟ ನಿಲ್ಲಿಸಿದಾಗ ಅವನ ಪ್ರಥಮ ದರ್ಜೆಯ ವಿಕೆಟ್‌ಗಳು ಒಟ್ಟು 504.

2015ರ ಗೆಲುವಿನ ನಂತರದ ಹತ್ತು ವರ್ಷದಲ್ಲಿ ಕರ್ನಾಟಕ ನಾಲ್ಕು ಸಲ ಸೆಮಿಫೈನಲಿಗೆ ಹೋಗಿ ನಾಲ್ಕು ಸಲವೂ ಸೋತಿತು. 2023ರಲ್ಲಂತೂ ಮಯಾಂಕ್ ಅಗರ್‌ವಾಲ್ ಒಬ್ಬನೇ 249 ಹೊಡೆದರೂ ಸೌರಾಷ್ಟ್ರವೇ ಗೆದ್ದಿತು. ದೊಡ್ಡ ಆಟಗಾರರು ನಮ್ಮಲ್ಲಿ ಆಗಲೂ ಇದ್ದರು. ಒಂಬತ್ತನೆಯವನಾಗಿ ಬಂದು ಒಂದು ಹೊತ್ತು ತಡೆದು ನಿಲ್ಲುವವನು ಇರಲಿಲ್ಲ ಎಂಬುದು ನನ್ನ ಮಗನ ವಾದ, ಈಗ ನನ್ನದೂ ಅದೇ.

ವಿನಯ್ ಆಟ ಬಿಟ್ಟ ಸುದ್ದಿಯನ್ನು ಮಗ ಆಯಿಗೆ ಹೇಳಿದಾಗ ಅತ್ತೆಯವರು ಹಂಚಿನ ಮುಂದೆಯೇ ಇದ್ದರು. ರೊಟ್ಟಿ ತಿರುವಿ ಹಾಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತ ಅವನ ಜೋಡಿ ನಿಂತಿದ್ನಲ್ಲೋ ಬೆಳಗಾವ್ಯಾಂವ, ಹತ್ತು ರನ್ನಿನಾಂವ, ಅವ ಆಡ್ತಾನಿಲ್ಲೋ ಇನ್ನಾ?" ಎಂದು ಕೇಳಿದರು.